ಮಿಶನ್ ಮನೆಯ ತಾಯಂದಿರು

ಕ್ರೈಸ್ತ ಮತವು ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಏನು ಮಾಡಿತು ಎಂಬ ಪ್ರಶ್ನೆ ಎದ್ದಾಗಲೆಲ್ಲ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಅಕ್ಷರ ಕಲಿಸಿತು, ಗಂಡನ ಸಮಕ್ಕೆ ಕೂಡಿಸಿತು ಎನ್ನುವವರು ಕೆಲವರು. ಪರದೇಶದ ರೀತಿನೀತಿಗಳನ್ನು ತಂದು ನಮ್ಮ ಮನೆತನಗಳನ್ನು ಒಡೆಯಿತು ಎನ್ನುವವರು ಇನ್ನು ಕೆಲವರು. ಎರಡು ಪಕ್ಷದವರೂ ಮಾತಾಡುವುದು ಇಲ್ಲಿನ ಹೆಂಗಸರನ್ನು ಕುರಿತು. ಉಪದೇಶವನ್ನು ಹೊತ್ತು ತಂದ ಮನೆಗಳ ಹೆಂಗಸರು ಹೇಗೆ ಬಾಳಿದರು, ತಾಯ್ತನ ದೊಡ್ಡದೆಂದು ಬೋಧಿಸುತ್ತ ತಾವು ತಾಯಂದಿರಾಗಿ ಏನನ್ನು ತೆತ್ತರು ಎಂಬ ವಿಚಾರ ಅಪರೂಪಕ್ಕೂ ಬರುವುದಿಲ್ಲ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಹೊರಟಿರುವುದು ಅವರ ಮಾತನ್ನು.

ನಾನಿರುವುದು ಮುಂಡಗೋಡ ತಾಲೂಕಿನ ಇಂದೂರಿನಲ್ಲಿ. ನಮಗೆ ಈಶಾನ್ಯಕ್ಕೆ ಹುಬ್ಬಳ್ಳಿ–ಧಾರವಾಡದ ಬಯಲುಸೀಮೆ. ಅಲ್ಲಿಯ ಹಳೆಯ ಕ್ರೈಸ್ತ ಮನೆತನಗಳಲ್ಲಿ ಬಹಳಷ್ಟು ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಪರಂಪರೆಯವು. ವಾಯವ್ಯಕ್ಕೆ ಹಳಿಯಾಳದ ಕಾಡು. ಅಲ್ಲಿಯ ಕ್ರೈಸ್ತರು ಗೋವೆಯ ಕಡೆಯಿಂದ ಬಂದ ರೋಮನ್ ಕೆಥೋಲಿಕ ಪಂಥದವರು, ಅವರಲ್ಲಿ ಸಿದ್ದಿಗಳೂ ಸೇರಿದ್ದಾರೆ. ಬಯಲಿನವರಿಗೆ ಆದರ್ಶ ಸ್ತ್ರೀ ಎಂದರೆ ಪಾದ್ರಿಯ ಮಡದಿ. ಕಾಡಿನವರಿಗೆ ಮಾತೆ ಮರಿಯಮ್ಮ. ಆಕೆಯ ನೆರಳಿನಲ್ಲಿ, ಮದುವೆಯನ್ನೇ ಒಲ್ಲೆನೆಂದ ಸನ್ಯಾಸಿನಿ. ಒಂದೇ ಧರ್ಮಗ್ರಂಥವನ್ನು ನಂಬಿದವರಲ್ಲಿ ಹೆಣ್ಣಿನ ವಿಷಯವಾಗಿ ಇಷ್ಟು ಅಂತರವಿರುವುದನ್ನು ಎರಡರ ನಡುವೆ ಕುಳಿತ ನನ್ನಂಥವನು ಗಮನಿಸದಿರುವುದು ಹೇಗೆ?

ಈ ಅಂತರ ಹುಟ್ಟಿದ್ದು ನಮ್ಮಲ್ಲಲ್ಲ. 1525ರಲ್ಲಿ ಮಾರ್ಟಿನ್ ಲೂಥರ್ ಮಠ ಬಿಟ್ಟು ಬಂದ ಸನ್ಯಾಸಿನಿ ಕಥರೀನಾಳನ್ನು ಮದುವೆಯಾದ ದಿನದಿಂದ ಪ್ರೊಟೆಸ್ಟಂಟರಲ್ಲಿ ಪಾದ್ರಿಯ ಸಂಸಾರವೇ ಊರಿಗೆ ಮಾದರಿಯೆಂಬ ಭಾವನೆ ಬೆಳೆಯಿತು. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು, ಬಹುತೇಕ ವುರ್ಟೆಂಬರ್ಗ್ ಮತ್ತು ಸ್ವಿಟ್ಜರ್ಲೆಂಡಿನ ಹಳ್ಳಿಗಾಡಿನ ಭಕ್ತರು, ಆ ಭಾವನೆಯನ್ನು ಗಂಟು ಕಟ್ಟಿಕೊಂಡೇ ಬಂದರು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಅವರ ಠಾಣ್ಯಗಳಾದವು. ಗಂಡ, ಹೆಂಡತಿ, ಮಕ್ಕಳು ಒಂದೇ ಮೇಜಿನ ಸುತ್ತ ಕುಳಿತು ಉಣ್ಣುವುದು, ಉಂಡಮೇಲೆ ಒಟ್ಟಿಗೆ ಪ್ರಾರ್ಥಿಸುವುದು, ತಾಯಿ ಮಗುವಿಗೆ ಪುಸ್ತಕ ಓದಿ ಹೇಳುವುದು, ಇವನ್ನು ದಾರಿಹೋಕರು ಕಂಡರೆ ಅದೇ ಅರ್ಧ ಉಪದೇಶವೆಂದು ಅವರ ಎಣಿಕೆ. ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವ ನಾಡಿನಲ್ಲಿ ಅದು ವಿಚಿತ್ರ ನೋಟವಾಗಿದ್ದಿರಲೇಬೇಕು.

ಆದರೆ ಆ ಮೇಜಿಗೆ ಗೃಹಿಣಿ ಬರುತ್ತಿದ್ದ ರೀತಿಯನ್ನು ನೋಡಿ. ಮಿಶನ್ನಿನ ನಿಯಮದಂತೆ ತರುಣ ಪಾದ್ರಿ ಒಂಟಿಯಾಗಿಯೇ ಹೊರಡಬೇಕು. ಎರಡು ವರ್ಷ ದುಡಿದ ಮೇಲೆ ಮದುವೆಗೆ ಅಪ್ಪಣೆ ಬೇಡಿ ಬಾಸೆಲಿನ ಸಮಿತಿಗೆ ಅರ್ಜಿ ಬರೆಯಬಹುದು. ಸಮಿತಿ ಒಪ್ಪಿದರೆ ಕನ್ಯೆಯ ಶೋಧ. ಕನ್ಯೆಯನ್ನೂ ಸಮಿತಿ ಒಪ್ಪಬೇಕು. ಎಷ್ಟೋ ಸಾರಿ ವರ ಆಕೆಯನ್ನು ಕಂಡಿರುತ್ತಿರಲಿಲ್ಲ, ಆಕೆ ವರನನ್ನು ಕಂಡಿರುತ್ತಿರಲಿಲ್ಲ. ಒಂದೆರಡು ಪತ್ರ, ಒಂದು ಭಾವಚಿತ್ರ, ಆಮೇಲೆ ಹಡಗು. ಮಂಗಳೂರಿನ ಬಂದರದಲ್ಲಿಯೋ ಮುಂಬಯಿಯಲ್ಲಿಯೋ ಇಳಿದ ಕೆಲವೇ ದಿನಗಳಲ್ಲಿ ಲಗ್ನ. ಗಂಡನ ಮುಖ ಕಾಣದೆ ಕೊರಳೊಡ್ಡಿದವರು ನಮ್ಮ ಅಜ್ಜಿಯರಲ್ಲಿಯೂ ಬೇಕಾದಷ್ಟು ಮಂದಿ ಇದ್ದರು. ನಮ್ಮ ಬಾಲ್ಯವಿವಾಹಗಳನ್ನು ಖಂಡಿಸಿ ಕರಪತ್ರ ಹಂಚುತ್ತಿದ್ದ ಪಾದ್ರಿಗಳ ಮನೆಯಲ್ಲಿಯೂ ಹಿರಿಯರ ಸಮಿತಿಯೇ ಹೆಣ್ಣು ಗೊತ್ತುಮಾಡುತ್ತಿತ್ತೆಂದರೆ ನಮ್ಮ ಅಜ್ಜಿಯರು ನಗುತ್ತಿದ್ದರೇನೋ! ಆದರೂ ಒಂದು ವ್ಯತ್ಯಾಸವನ್ನು ಒಪ್ಪಬೇಕು: ಆ ಹುಡುಗಿ ವಯಸ್ಸಿಗೆ ಬಂದವಳು, ಬೇಡವೆನ್ನುವ ಹಕ್ಕು ಅವಳಿಗಿತ್ತು.

ಹೀಗೆ ಬಂದವಳು ಹೆಣ್ಣುಮಕ್ಕಳ ಶಾಲೆ ನಡೆಸಬೇಕು, ಹೊಲಿಗೆ ಕಲಿಸಬೇಕು, ಪಾದ್ರಿ ಕಾಲಿಡಲಾಗದ ಒಳಮನೆಗಳಿಗೆ ಹೋಗಿ ಹೆಂಗಸರೊಡನೆ ಮಾತಾಡಬೇಕು. ಅದಕ್ಕೆ ಕನ್ನಡವನ್ನೋ ತುಳುವನ್ನೋ ಕಲಿಯಬೇಕು. ಸಂಬಳ ಮಾತ್ರ ಗಂಡನ ಹೆಸರಿಗೆ. ನಡುವೆ ಹೆರಿಗೆಗಳು, ಜ್ವರ, ಸಾವು. ನಿಘಂಟಿನ ಕಿಟ್ಟೆಲರ ಹೆಸರು ಕೇಳದ ಕನ್ನಡಿಗರಿಲ್ಲ. ಅವರು 1853ರಲ್ಲಿ ಬಂದವರು. 1860ರಲ್ಲಿ ಪೌಲೀನ ಐತ್ ಎಂಬ ಕನ್ಯೆಯನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಆಕೆ ಗಂಡನನ್ನೂ ಎಳೆಯ ಮಕ್ಕಳನ್ನೂ ಬಿಟ್ಟು ತೀರಿಕೊಂಡರು. 1867ರಲ್ಲಿ ಕಿಟ್ಟೆಲರು ಆಕೆಯ ತಂಗಿ ಜೂಲಿಯನ್ನೇ ಮದುವೆಯಾದರು. ಅಕ್ಕ ಸತ್ತ ಮನೆಗೆ ತಂಗಿಯನ್ನು ತಂದುಕೊಳ್ಳುವುದು ನಮಗೆ ಹೊಸದಲ್ಲ. ಮುಂದೆ 1883ರಲ್ಲಿ ನಿಘಂಟಿನ ಕೆಲಸ ಮುಗಿಸಲೆಂದು ಅವರು ಮತ್ತೆ ಭಾರತಕ್ಕೆ ಹೊರಟಾಗ ಹೆಂಡತಿ ಮಕ್ಕಳು ಜರ್ಮನಿಯಲ್ಲಿಯೇ ಉಳಿದರು. 1892ರವರೆಗೆ, ಎಂದರೆ ಒಂಬತ್ತು ವರ್ಷ, ಆ ಸಂಸಾರ ಎರಡು ಖಂಡಗಳಲ್ಲಿ ಹರಿದುಹೋಗಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾಗ್ರಂಥದ ಎಪ್ಪತ್ತು ಸಾವಿರದಷ್ಟು ಶಬ್ದಗಳನ್ನು ತಿರುವುವಾಗ ನಾವು ಕಿಟ್ಟೆಲರ ಕಣ್ಣುಗಳನ್ನು ನೆನೆಯುತ್ತೇವೆ. ಅತ್ತ ಒಬ್ಬಳೇ ಮಕ್ಕಳನ್ನು ಸಾಕಿದ ಜೂಲಿಯವರ ಪಾಲೂ ಅದರಲ್ಲಿದೆಯೆಂದು ನನ್ನ ಎಣಿಕೆ.

ಆದರೂ ಕಿಟ್ಟೆಲರ ಮಕ್ಕಳಿಗೆ ತಾಯಿಯಾದರೂ ಇದ್ದಳು. ಮಿಶನ್ನಿನ ಬೇರೆ ಮನೆಗಳಲ್ಲಿ ಅದೂ ಇರಲಿಲ್ಲ. ಈ ಕಥೆಯ ಕರುಳು ಹಿಂಡುವ ಭಾಗ ಅದು. ಭಾರತದಲ್ಲಿ ಹುಟ್ಟಿದ ಮಗು ಶಾಲೆಗೆ ಹೋಗುವ ವಯಸ್ಸಿಗೆ, ಆರು ವರ್ಷದ ಆಸುಪಾಸಿನಲ್ಲಿ, ಯೂರೋಪಿಗೆ ಹೋಗತಕ್ಕದ್ದು. ಬಿಸಿಲು ಜ್ವರಗಳ ಭಯ ಒಂದು ಕಾರಣ, ವಿದ್ಯಾಭ್ಯಾಸ ಇನ್ನೊಂದು, ಆಳುಕಾಳುಗಳ ಸಹವಾಸದಿಂದ ಮಗು ಕೆಟ್ಟೀತೆಂಬ ಶಂಕೆ ಮತ್ತೊಂದು. 1853ರಲ್ಲಿ ಬಾಸೆಲಿನಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಮಕ್ಕಳ ಮನೆ ಏರ್ಪಟ್ಟಿತು. ಒಮ್ಮೆ ಹಡಗು ಹತ್ತಿದ ಮಗುವನ್ನು ತಾಯಿ ಮತ್ತೆ ಕಾಣುವುದು ಹತ್ತು ವರ್ಷಕ್ಕೋ ಹದಿನೈದಕ್ಕೋ. ಕೆಲವರಿಗೆ ಅದೂ ಇಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಕ್ರೈಸ್ತ ತಾಯಿಯ ಕರ್ತವ್ಯಗಳನ್ನು ಪಾಠ ಹೇಳುತ್ತಿದ್ದವಳ ಸ್ವಂತ ಕೂಸು ಕಡಲಾಚೆ ಬೇರೆಯವರ ಕೈತುತ್ತು ಉಣ್ಣುತ್ತಿತ್ತು.

ಗುಂಡರ್ಟರ ಮನೆಯ ಕಥೆ ಇದಕ್ಕೆ ಸಾಕ್ಷಿ. ಹರ್ಮನ್ ಗುಂಡರ್ಟರು ಮಲೆಯಾಳಕ್ಕೆ, ಕಿಟ್ಟೆಲರು ಕನ್ನಡಕ್ಕೆ ಇದ್ದಂತೆ. ಅವರ ಪತ್ನಿ, ಫ್ರೆಂಚ್ ಮಾತಾಡುವ ಸ್ವಿಸ್ ಸೀಮೆಯ ಜೂಲಿ ಡುಬ್ವಾ, ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿದವರು. 1842ರಲ್ಲಿ ಅಲ್ಲಿ ಹುಟ್ಟಿದ ಮಗಳು ಮರೀಯನ್ನು ಮೂರು ನಾಲ್ಕು ವರ್ಷದವಳಿದ್ದಾಗ ಯೂರೋಪಿಗೆ ಕರೆದೊಯ್ದು ಅಲ್ಲಿಯೇ ಬಿಟ್ಟು ಬಂದರು. ಮರೀ ತಿರುಗಿ ಬಂದದ್ದು 1857ರಲ್ಲಿ, ಹದಿನೈದು ತುಂಬುವ ಹೊತ್ತಿಗೆ. ಪರರ ಮಕ್ಕಳಿಗೆ ತಾಯಿಯಾಗಿ ನಿಂತ ಜೂಲಿಯವರಿಗೆ ಸ್ವಂತ ಮಗಳ ಇಡೀ ಬಾಲ್ಯ ತಪ್ಪಿಹೋಯಿತು. ಮರೀಯೂ ಮುಂದೆ ಮಿಶನ್ನಿನ ಮಡದಿಯೇ ಆದಳು. ಮೊದಲ ಗಂಡ ಐಸೆನ್‌ಬರ್ಗ್ ತೀರಿಕೊಂಡ ಮೇಲೆ, ಮಂಗಳೂರು ಕಡೆ ಕೆಲಸಮಾಡಿ ಆರೋಗ್ಯ ಕೆಟ್ಟು ಮರಳಿದ್ದ ಯೋಹಾನ್ನೆಸ್ ಹೆಸ್ಸೆಯವರನ್ನು 1874ರಲ್ಲಿ ವರಿಸಿದಳು. 1877ರಲ್ಲಿ ಅವರಿಗೆ ಹುಟ್ಟಿದ ಮಗನೇ ‘ಸಿದ್ಧಾರ್ಥ’ ಬರೆದ, 1946ರಲ್ಲಿ ನೊಬೆಲ್ ಬಹುಮಾನ ಪಡೆದ ಹರ್ಮನ್ ಹೆಸ್ಸೆ. ತಾಯಿಯಿಲ್ಲದೆ ಬೆಳೆದ ಈ ಮರೀ ತನ್ನ ಮಗನನ್ನಾದರೂ ಸೆರಗಿನಲ್ಲಿಟ್ಟುಕೊಂಡಳೆ? ಸಂಸಾರ ಬಾಸೆಲಿನಲ್ಲಿಯೇ ಇದ್ದಾಗ, 1884ರಲ್ಲಿ, ಹುಡುಗ ಹಟಮಾರಿಯೆಂದು ತಂದೆತಾಯಿ ಅವನನ್ನು ಅದೇ ಊರಿನ ಮಿಶನ್ ಬಾಲಕರ ಮನೆಯಲ್ಲಿ ಕೆಲವು ತಿಂಗಳು ಬಿಟ್ಟರು. ರೂಢಿ ಹೀಗೆ ತಲೆಮಾರು ದಾಟುತ್ತದೆ. ಇವರೆಲ್ಲ ಕಲ್ಲೆದೆಯವರೆಂದು ನಾನು ಹೇಳುತ್ತಿಲ್ಲ. ದೇವರ ಕೆಲಸ ಮೊದಲು, ಕರುಳು ಆಮೇಲೆ ಎಂದು ಅವರಿಗೆ ಕಲಿಸಲಾಗಿತ್ತು. ಆ ಪಾಠವನ್ನು ಕಲಿಸಿದ ಸಮಿತಿಯಲ್ಲಿ ಹೆತ್ತವಳೊಬ್ಬಳೂ ಇರಲಿಲ್ಲ.

ಸಂಸಾರ ಒಡೆದದ್ದು ಪಾದ್ರಿಗಳ ಮನೆಯಲ್ಲಿ ಮಾತ್ರವಲ್ಲ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಊರೇ ಕೋಲಾಹಲವೆದ್ದಿತು. ಹೆಂಡತಿ ಅವರ ಹಿಂದೆ ಹೋಗಲಿಲ್ಲ. ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ, 1860ರಲ್ಲಿ ಜರ್ಮನ್ ಹೆಣ್ಣನ್ನು ಮದುವೆಯಾದರು. ಕೊಡಗಿನ ಆನಂದಪುರದಲ್ಲಿ ದಲಿತ ಕ್ರೈಸ್ತರ ನಡುವೆ ದುಡಿದರು. ಅವರ ಬಾಳಿಗೆ ಹೊಸ ದಾರಿ ತೆರೆಯಿತು. ಮಂಗಳೂರಿನಲ್ಲಿ ಉಳಿದವಳಿಗೆ? ಗಂಡ ಬದುಕಿದ್ದಾನೆ, ಆದ್ದರಿಂದ ವಿಧವೆಯಲ್ಲ. ಗಂಡನಿಲ್ಲ, ಆದ್ದರಿಂದ ಮುತ್ತೈದೆಯೂ ಅಲ್ಲ. ಮರುಮದುವೆಯ ಮಾತನ್ನು ಅಂದಿನ ಬ್ರಾಹ್ಮಣ ಸಮಾಜದಲ್ಲಿ ಎತ್ತುವಂತಿರಲಿಲ್ಲ. ಇಂಥ ತೊಡಕಿಗಾಗಿ ಸರಕಾರ 1866ರಲ್ಲಿ ಮತಾಂತರ ಹೊಂದಿದವರ ವಿವಾಹವಿಚ್ಛೇದನದ ಕಾಯಿದೆ ತಂದಿತು. ಆದರೆ ಕಾಯಿದೆ ಬಿಡಿಸಿದ ಗಂಟನ್ನು ಜಾತಿ ಬಿಡಿಸಲಿಲ್ಲ.

ಕಾಯಿದೆಯ ಮಾತು ಬಂದದ್ದರಿಂದ ಇನ್ನೆರಡು ಸಂಗತಿ. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ ಕ್ರೈಸ್ತ ಹೆಣ್ಣುಮಗಳಿಗೆ ತಂದೆಯ ಆಸ್ತಿಯಲ್ಲಿ ಗಂಡುಮಗನಷ್ಟೇ ಪಾಲು ಕೊಟ್ಟಿತು. ಹಿಂದೂ ಹೆಣ್ಣುಮಕ್ಕಳು ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಅಣ್ಣತಮ್ಮಂದಿರ ಸಮಕ್ಕೆ ನಿಲ್ಲಲು 1994ರವರೆಗೆ, ದೇಶದಲ್ಲೆಲ್ಲ 2005ರವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ ಇದು ಸಾಮಾನ್ಯ ಲಾಭವಲ್ಲ. ಎಲ್ಲ ಕ್ರೈಸ್ತರಿಗೂ ಅದು ದಕ್ಕಲಿಲ್ಲವೆನ್ನಿ. ಕೊಡಗಿನ ದೇಶೀಯ ಕ್ರೈಸ್ತರನ್ನು 1868ರಲ್ಲಿಯೇ ಅದರಿಂದ ಹೊರಗಿಟ್ಟರು. ವಿಚ್ಛೇದನದ 1869ರ ಕಾಯಿದೆಯಂತೂ ಗಂಡಿಗೊಂದು ಹೆಣ್ಣಿಗೊಂದು ಅಳತೆಗೋಲು ಹಿಡಿದಿತ್ತು. ಹೆಂಡತಿಯ ವ್ಯಭಿಚಾರವೊಂದನ್ನು ಸಾಧಿಸಿದರೆ ಗಂಡನಿಗೆ ಬಿಡುಗಡೆ. ಹೆಂಡತಿಯಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಧಿಸಬೇಕು. ಈ ಭೇದ ಅಳಿದದ್ದು 2001ರ ತಿದ್ದುಪಡಿಯಲ್ಲಿ. ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸುವುದು 1925ರ ಉತ್ತರಾಧಿಕಾರ ಕಾಯಿದೆಯ 42ನೆಯ ಕಲಮು. ಮಗನು ಮಕ್ಕಳಿಲ್ಲದೆ, ಮರಣಪತ್ರ ಬರೆಯದೆ ತೀರಿಕೊಂಡರೆ, ಅವನ ಹೆಂಡತಿಯ ಪಾಲು ಕಳೆದು ಉಳಿದದ್ದೆಲ್ಲ ತಂದೆಗೆ. ತಂದೆ ಬದುಕಿರುವತನಕ ತಾಯಿಗೆ ಕವಡೆಯೂ ಇಲ್ಲ. ಇದನ್ನು ತಿದ್ದಬೇಕೆಂದು ಕಾನೂನು ಆಯೋಗ 2014ರಲ್ಲಿ ತನ್ನ 247ನೆಯ ವರದಿಯಲ್ಲಿ ಹೇಳಿತು. ಪ್ರಾರ್ಥನೆಯಲ್ಲಿ ಸಿಕ್ಕ ಸ್ಥಾನ ತಾಯಿಗೆ ಪಾಲುಪಟ್ಟಿಯಲ್ಲಿ ಸಿಕ್ಕಲಿಲ್ಲ.

ಮಿಶನ್ನು ಸೇರಿದ ಕನ್ನಡ, ತುಳು ಹೆಂಗಸರಿಗೆ ಗೃಹಿಣಿಯ ಆದರ್ಶ ಬೋಧನೆಯಲ್ಲಿ ಸಿಕ್ಕಿತೇ ಹೊರತು ಬಾಳಿನಲ್ಲಿ ಬೇರೆಯದೇ ಆಯಿತು. ಜಾತಿಯಿಂದ ಹೊರಬಿದ್ದವರಿಗೆ ಅನ್ನ ಬೇಕಿತ್ತು. ಅದಕ್ಕಾಗಿ ಮಿಶನ್ನು ಮಗ್ಗ ಹಾಕಿತು. 1865ರಲ್ಲಿ ಪ್ಲೆಬ್‌ಸ್ಟರು ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆಗೆದರು. ಅಲ್ಲಿ ಹೆಂಗಸರೂ ಕೂಲಿಗೆ ಸೇರಿದರು. ಮನೆಯೇ ಹೆಣ್ಣಿನ ದೇಗುಲವೆಂದು ಭಾನುವಾರ ಕೇಳಿ ಸೋಮವಾರ ಬೆಳಿಗ್ಗೆ ಗಂಟೆ ಬಾರಿಸಿದೊಡನೆ ಹಂಚು ಹೊರಲು ಹೋಗಬೇಕು. ವಾರದ ಕೊನೆಗೆ ತನ್ನ ಕೈಗೇ ಎಣಿಸಿಕೊಂಡ ಆ ಕೂಲಿ ಯಾವ ಉಪದೇಶಕ್ಕಿಂತಲೂ ಹೆಚ್ಚಿನ ಕೆಲಸಮಾಡಿತೆಂದು ನಾನು ತಿಳಿದಿದ್ದೇನೆ. 1876–78ರ ಬರಗಾಲದಲ್ಲಿ ಧಾರವಾಡ, ವಿಜಾಪುರದ ಕಡೆ ಅನಾಥವಾದ ಮಕ್ಕಳು ಮಿಶನ್ನಿನ ಮಡಿಲಿಗೆ ಬಂದಾಗ ಅವರನ್ನು ಸಾಕಿದವರೂ ತಮ್ಮ ಮಕ್ಕಳನ್ನು ದೂರ ಕಳಿಸಿದ ಅದೇ ತಾಯಂದಿರು.

ಇನ್ನು ಕೆಥೋಲಿಕರ ಕಡೆಗೆ. ಅವರ ಪಾದ್ರಿಗೆ ಮಡದಿಯಿಲ್ಲ. ಹೆಣ್ಣುಮಕ್ಕಳ ವಿದ್ಯೆಗೆ ನಿಂತವರು ಸನ್ಯಾಸಿನಿಯರು. ಮಂಗಳೂರಿಗೆ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸೋದರಿಯರು ಬಂದದ್ದು 1870ರಲ್ಲಿ. 1868ರಲ್ಲಿ ಫ್ರಾನ್ಸಿನ ಬಯೋನ್ನಿನಲ್ಲಿ ಆ ಸಭೆಯನ್ನು ಸ್ಥಾಪಿಸಿದ ಮದರ್ ವೆರೊನಿಕಾ ಹುಟ್ಟಿನಿಂದ ಪ್ರೊಟೆಸ್ಟಂಟ್ ಪಾದ್ರಿಯ ಮಗಳು, ಸೋಫೀ ಲೀವ್ಸ್. ಪಾದ್ರಿಯ ಮನೆಯ ಮೇಜನ್ನು ಒಳಗಿನಿಂದ ಕಂಡವಳೇ ಅದನ್ನು ಬಿಟ್ಟು ಮಠ ಸೇರಿದಳು. ಅದೇ ಸಭೆಯವರು 1921ರಲ್ಲಿ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಕಾಲೇಜನ್ನು ತೆರೆದರು. ಹೆರದವಳನ್ನು ಬಂಜೆಯೆಂದು ಹಳಿಯುವ ಊರಿನಲ್ಲಿ, ಹೆರಲೊಲ್ಲದವಳನ್ನು ‘ಮದರ್’ ಎಂದು ಕರೆದು ಎದ್ದು ನಿಲ್ಲುವ ಪದ್ಧತಿ ಬಂತು. ಪ್ರೊಟೆಸ್ಟಂಟರ ಮಿಶನ್ನು ಹೆಣ್ಣಿಗೆ ಇಂಥದೊಂದು ದಾರಿಯನ್ನು ಇಷ್ಟು ಸಲೀಸಾಗಿ ತೆರೆಯಲಿಲ್ಲ. ಅವರಲ್ಲಿ ಹೆಂಗಸು ಪೀಠವೇರಿದ್ದು ಬಹಳ ತಡವಾಗಿ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ ಮೊದಲ ಮಹಿಳಾ ಬಿಷಪ್ಪರನ್ನು ಕಂಡದ್ದು 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ.

ನಮ್ಮ ನೆರೆಯ ಹಳಿಯಾಳದ ಕ್ರೈಸ್ತ ಸಿದ್ದಿ ಹೆಂಗಸರಿಗೆ ಈ ಎರಡು ಆದರ್ಶಗಳಲ್ಲಿ ಯಾವುದೂ ಪೂರ್ತಿ ಒಗ್ಗಿದಂತೆ ಕಾಣುವುದಿಲ್ಲ. ಆಫ್ರಿಕದಿಂದ ಗುಲಾಮರಾಗಿ ತಂದವರ ಸಂತತಿ ಅವರದು. ಎಷ್ಟೋ ಮಂದಿ ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರಲ್ಲಿ ಹಿಂದೂಗಳುಂಟು, ಮುಸಲ್ಮಾನರುಂಟು, ಕ್ರೈಸ್ತರುಂಟು. ಹೊಲದಲ್ಲಿ, ಕಾಡಿನಲ್ಲಿ ದುಡಿಯದೆ ಅಲ್ಲಿ ಯಾವ ತಾಯಿಯೂ ಮನೆಯಲ್ಲಿ ಕೂಡ್ರುವಂತಿರಲಿಲ್ಲ. ಮಿಶನ್ ಮನೆಯ ಮಡದಿಯರು ಬಯಲುಸೀಮೆಯಲ್ಲಿ ಕಲಿಸಿದ ಹೊಲಿಗೆಯೂ ಇವರಿಗೆ ಬೇಕಾಗಲಿಲ್ಲ. ಇವರ ಸೂಜಿ ಇವರದೇ. ನಾವು ಕೌದಿ ಎನ್ನುವುದನ್ನು ಅವರು ಕವಂದಿ ಎನ್ನುತ್ತಾರೆ. ಹೊಲದ ಕೆಲಸ ಬಿಟ್ಟ ವಯಸ್ಸಾದ ಹೆಂಗಸರು ಮನೆಯವರ ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನವರೆಗೆ ಸುತ್ತಿ ಹೊಲಿಯುತ್ತ ಬರುತ್ತಾರೆ. ಮೊಮ್ಮಕ್ಕಳಿಗೆ ಮಾಡುವ ಚಿಕ್ಕ ಕವಂದಿಗೆ ಬಣ್ಣ ಹೆಚ್ಚು. ಕ್ರೈಸ್ತರ ಕವಂದಿಯಲ್ಲಿ ಒಮ್ಮೊಮ್ಮೆ ಶಿಲುಬೆ, ಮುಸಲ್ಮಾನರದರಲ್ಲಿ ಒಮ್ಮೊಮ್ಮೆ ಅರ್ಧಚಂದ್ರ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಕೂಡಿಸುವ ‘ಫೂಲ’ ಮಾತ್ರ ಎಲ್ಲರಲ್ಲಿಯೂ ಒಂದೇ. ಅದಿಲ್ಲದ ಕವಂದಿ ಬತ್ತಲೆ ಎನ್ನುತ್ತಾರೆ. ಹೊಲಿಗೆ ನಡುವಿಗೆ ಬಂದು ಮುಗಿಯುವ ಹೊತ್ತಿಗೆ, ಹೊದ್ದವರ ಹೊಟ್ಟೆ ತುಂಬಿರಲಿ ಎಂದು ಒಳಗೆ ನಾಲ್ಕು ಅಕ್ಕಿಕಾಳು ಇಟ್ಟು ಹೊಲಿದುಬಿಡುವವರೂ ಅವರಲ್ಲಿದ್ದಾರೆ.