ಸೊನ್ನೆಯ ಸಮೀಪ: ಭಾಸ್ಕರಾಚಾರ್ಯನ ಗಣಿತವೂ ಇತಿಹಾಸಕಾರನ ಸಂಯಮವೂ

ಕಲನಶಾಸ್ತ್ರವು ನಮ್ಮಲ್ಲಿಯೇ ಹುಟ್ಟಿತೇ ಎಂದು ಕೋಲಾರ ಸೀಮೆಯ ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ನೃಪತುಂಗನ ಕಾಲದ ಮಹಾವೀರಾಚಾರ್ಯನು, ಕ್ರಿ. ಶ. 850ರ ಸುಮಾರಿನಲ್ಲಿ, ಸೊನ್ನೆಯಿಂದ ಭಾಗಿಸಿದ ರಾಶಿಯು ಬದಲಾಗದೆಂದನು. 1150ರಲ್ಲಿ ಭಾಸ್ಕರಾಚಾರ್ಯನು ಇದನ್ನೊಪ್ಪಲಿಲ್ಲ. ಕ್ರಿಯೆಯಿನ್ನೂ ಉಳಿದಿರುವಾಗ ಸೊನ್ನೆಯಿಂದ ಗುಣಿಸಿದ ರಾಶಿಯನ್ನು ಒಡನೆಯೇ ಅಳಿಸದೆ ಇರಿಸಿಕೊಳ್ಳಬೇಕೆಂದೂ, ಮರಳಿ ಸೊನ್ನೆಯಿಂದ ಭಾಗಿಸಿದರೆ ಮೂಲರಾಶಿಯೇ ದೊರೆಯುವುದೆಂದೂ ‘ಲೀಲಾವತಿ’ಯಲ್ಲಿ ವಿಧಿಸಿದನು. ಗ್ರಹಗಳ ತಾತ್ಕಾಲಿಕ ಗತಿಯನ್ನೂ ಗಣಿಸಿದನು.

1967ರಲ್ಲಿ ಅಮೆರಿಕದ ಲಾವೇರ್ ಎಂಬ ಗಣಿತಜ್ಞರು, ವರ್ಗವು ಸೊನ್ನೆಯಾದರೂ ತಾವೇ ಸೊನ್ನೆಯೆನ್ನಲಾಗದ ಸೂಕ್ಷ್ಮರಾಶಿಗಳ ಮೇಲೆ ಕಲನವನ್ನು ಕಟ್ಟುವ ಮಾರ್ಗವನ್ನು ತೋರಿದರು. ಅದಕ್ಕಾಗಿ, ಯಾವ ಮಾತೂ ನಿಜ ಇಲ್ಲವೆ ಸುಳ್ಳು ಎಂಬ ತರ್ಕನಿಯಮವನ್ನೇ ಬಿಡಬೇಕಾಯಿತು. ಈ ತರ್ಕವು ಭಾಸ್ಕರನಲ್ಲಿಲ್ಲ. ಇವೆರಡರ ಹೋಲಿಕೆಯನ್ನೇ ಆದ್ಯತೆಗೆ ಪ್ರಮಾಣವೆನ್ನುವುದು ಅಭಿಮಾನವಾದೀತು, ಇತಿಹಾಸವಾಗದು. ಆತನಿಗೆ ಸಲ್ಲಬೇಕಾದ ಗೌರವವೇ ಬೇರೆ: ಲೆಕ್ಕ ಮುಗಿಯುವ ಮುನ್ನ ಸೊನ್ನೆಯನ್ನು ಅಳಿಸಬಾರದೆಂಬ ಎಚ್ಚರ.