ರಾಮಾಚಾರಿ ಸೋತಿದ್ದು ಯಾರಿಗೆ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ನಮ್ಮೂರ ಕಥೆ. ದುರ್ಗದ ಕೋಟೆಗೆ ಬರೋರು ಓಬವ್ವನ ಕಿಂಡಿ ನೋಡಿದ್ಮೇಲೆ ಕೇಳೋದು ಒಂದೇ: ‘ರಾಮಾಚಾರಿ ನಿಂತಿದ್ದ ಬಂಡೆ ಯಾವುದು?’ ಮದಕರಿ ನಾಯಕ ಆಮೇಲೆ!

ತ.ರಾ.ಸು. ಬರೆದ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರೂ ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಸಿನಿಮಾ ಮಾಡಿದರು. ಲೇಖಕರಿಗೆ ಅದು ಹಿಡಿಸಲಿಲ್ಲ. ನಾಗರಹಾವನ್ನ ಕೇರೆಹಾವು ಮಾಡಿದ್ರು ಅಂತ ಅವರು ಅಂದ ಮಾತು ಇವತ್ತಿಗೂ ಓಡಾಡುತ್ತೆ. ಊರಿಗೆ ಮಾತ್ರ ಸಿನಿಮಾನೇ ಇತಿಹಾಸ ಆಗೋಯ್ತು.

ನನ್ನನ್ನ ಕಾಡೋದು ಚಾಮಯ್ಯ ಮೇಷ್ಟ್ರು. ಅಲಮೇಲು ಮತ್ತು ರಾಮಾಚಾರಿ ಜಾತಿ ಬೇರೆ. ಹುಡುಗಿ ಮನೆಯವರು ಹೋಗಿ ಮೇಷ್ಟ್ರನ್ನ ಹಿಡೀತಾರೆ. ಯಾಕಂದ್ರೆ ಈ ಹುಡುಗ ಜಗತ್ತಲ್ಲಿ ಮಾತು ಕೇಳೋದು ಅವರೊಬ್ಬರದ್ದೇ. ಕೇಳ್ತಾನೂ ಕೂಡ. ಹುಡುಗೀನ ಬಿಟ್ಟುಕೊಡ್ತಾನೆ.

ಜೇನ್ ಆಸ್ಟಿನ್ 1813ರ ‘ಪ್ರೈಡ್ ಅಂಡ್ ಪ್ರೆಜುಡೀಸ್’ನಲ್ಲೂ ಇಂಥದ್ದೇ ಸೀನ್ ಇಟ್ಟಿದ್ದಾಳೆ. ಲೇಡಿ ಕ್ಯಾಥರೀನ್ ಸಾರೋಟಿನಲ್ಲಿ ಬಂದು, ಡಾರ್ಸಿಯನ್ನ ಮದುವೆ ಆಗಲ್ಲ ಅಂತ ಮಾತು ಕೊಡು ಅಂತಾಳೆ. ಎಲಿಜಬೆತ್ ಆಗಲ್ಲ ಅಂತಾಳೆ. ದರ್ಪದಿಂದ ಬಂದೋರಿಗೆ ಇಲ್ಲ ಅನ್ನೋದು ಸುಲಭ ಕಣ್ರೀ. ಪ್ರೀತಿಯಿಂದ ಬಂದೋರಿಗೆ? ನಾನು ಬಿಕಾಂ ಓದಿದವನು, ನನಗಿದು ಸಾಲದ ಲೆಕ್ಕ. ಮೇಷ್ಟ್ರು ಕೊಟ್ಟ ಅಕ್ಕರೆ ಅಸಲು, ಕೇಳಿದ ಬಡ್ಡಿ ಅಲಮೇಲು. ಅವಳನ್ನ ಮಾತ್ರ ಯಾರೂ ಕೇಳಲಿಲ್ಲ. ಮುಂದೆ ಕಟ್ಟಿಕೊಂಡ ಗಂಡನೇ ಅವಳನ್ನ ವೇಶ್ಯಾವಾಟಿಕೆಗೆ ದೂಡ್ತಾನೆ.

ಆಮೇಲೆ ಮಾರ್ಗರೇಟ್. ಧರ್ಮವೇ ಬೇರೆ. ವಿಶೇಷ ವಿವಾಹ ಕಾಯ್ದೆ 1954ರಲ್ಲೇ ಬಂದಿತ್ತು, ಅಂದ್ರೆ ಕಾನೂನಲ್ಲಿ ದಾರಿ ಇತ್ತು. ರಾಮಾಚಾರಿಗೆ ಬೇಕಿದ್ದಿದ್ದು ಮೇಷ್ಟ್ರ ಒಪ್ಪಿಗೆ. ಅದು ಸಿಗಲಿಲ್ಲ. ಬೆಟ್ಟದ ತುದಿಯ ಜಗಳ ಮೇಷ್ಟ್ರ ಸಾವಲ್ಲಿ ಮುಗಿಯುತ್ತೆ, ಹಿಂದೇನೇ ಇವರಿಬ್ಬರೂ ಹಾರ್ತಾರೆ.

ಐವತ್ತು ವರ್ಷದ ಹಿಂದಿನ ಮಾತು ಅಂತೀರಾ? ನನ್ನ ಗೆಳೆಯನೊಬ್ಬ ಅದೇ ಕಾಯ್ದೆಯಡಿ ಅರ್ಜಿ ಕೊಟ್ಟ. ನೋಟಿಸ್ ಬೋರ್ಡಿಗೆ ಬೀಳುತ್ತೆ, 30 ದಿನ ಕಾಯಬೇಕು. ಗಲಾಟೆ ಮಾಡೋಕೆ ಯಾರಾದ್ರೂ ಬರ್ತಾರೆ ಅಂತ ಹೆದರಿದ್ವಿ. ಬಂದಿದ್ದು ಅವನಿಗೆ ಫೀಸಿಲ್ಲದೆ ಲೆಕ್ಕ ಹೇಳಿಕೊಟ್ಟಿದ್ದ ವಯಸ್ಸಾದ ಮೇಷ್ಟ್ರು. ಕಾಫಿ ಕುಡಿದರು. ‘ನಿಮ್ಮಪ್ಪನ ಮುಖ ನೋಡಪ್ಪ’ ಅಂದರು, ಅಷ್ಟೇ. ಅವತ್ತು ರಾತ್ರಿ ಅವನು ಫೋನ್ ಮಾಡಿ ಅತ್ತಿದ್ದು ನಂಗೆ ಗೊತ್ತು.

ಮದುವೆ ಆಯ್ತು. ಮೂರು ಸಾಕ್ಷಿ ಸಹಿ ಬೇಕು, ಒಂದು ನಂದು. ಮೇಷ್ಟ್ರು ಬರಲಿಲ್ಲ. ಅವರ ಮನೆ ಮುಂದೆ ಹಾಯುವಾಗ ಅವನು ಈಗಲೂ ಬೈಕ್ ಇಳಿದು, ತಳ್ಳಿಕೊಂಡೇ ಹೋಗ್ತಾನೆ.