ಮನೆಯಲ್ಲೇ ಇದ್ದಳು

ನಂಜನಗೂಡಿನ ಕಪಿಲೆ ಹರಿದು ಹೋಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ನನ್ನ ಸೋದರತ್ತೆಯೂ ಹಾಗೆಯೇ ನಂಜನಗೂಡಿನಿಂದ ನರಸೀಪುರಕ್ಕೆ ಸೊಸೆಯಾಗಿ ಹೋದವರು. 2011ರಲ್ಲಿ ಆ ಎರಡು ಊರುಗಳ ನಡುವಿನ ರಸ್ತೆಯಲ್ಲೇ, ಬಸ್ಸಿಳಿದು ದಾಟುವಾಗ ಟೆಂಪೋ ಒಂದು ಬಡಿದು ತೀರಿಕೊಂಡರು. ಡ್ರೈವರನ ಕಿವಿಯಲ್ಲಿ ಮೊಬೈಲ್ ಇದ್ದುದನ್ನು ಬಸ್ಸಿನವರೆಲ್ಲ ಕಂಡಿದ್ದರು.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಮೋಟಾರು ವಾಹನ ಕಾಯಿದೆ 1988ರದು. ಅಪಾಯಕರ ಚಾಲನೆಯ ಅದರ 184ನೇ ಕಲಮಿನಲ್ಲಿ ಆಗ ಫೋನಿನ ಹೆಸರೇ ಇರಲಿಲ್ಲ. ಅದು ಸೇರಿದ್ದು 2019ರ ತಿದ್ದುಪಡಿಯಲ್ಲಿ. ಈಗ ಫೋನು ಕೈಯಲ್ಲಿ ಹಿಡಿದು ಓಡಿಸಿ ಅಪಾಯ ತಂದೊಡ್ಡಿದರೆ, ಯಾರಿಗೂ ಪೆಟ್ಟಾಗದಿದ್ದರೂ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲಾಗಬಹುದು. ಅತ್ತೆಯ ಸಾವಿಗೆ ಹಾಕಿದ್ದು ದಂಡ ಸಂಹಿತೆಯ ಹಳೆಯ 304ಎ, ಹೆಚ್ಚೆಂದರೆ ಎರಡು ವರ್ಷ. 2024ರ ಜುಲೈಯಿಂದ ಅದರ ಜಾಗಕ್ಕೆ ಬಂದಿರುವ ನ್ಯಾಯ ಸಂಹಿತೆಯ 106ರಲ್ಲಿ ಐದು ವರ್ಷದವರೆಗೆ ಉಂಟು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮೊಕದ್ದಮೆಯಲ್ಲ, ಪರಿಹಾರದ ಮೊಕದ್ದಮೆ. ಹಿಂದೆ ಇಂಥದ್ದಕ್ಕೆ 1855ರ ಕಾಯಿದೆ ಹಿಡಿದು ಸಿವಿಲ್ ಕೋರ್ಟಿಗೇ ಅಲೆಯಬೇಕಿತ್ತು; ಅಪಘಾತಗಳಿಗೆಂದೇ ನ್ಯಾಯಮಂಡಳಿ ಬಂದದ್ದು 1956ರ ತಿದ್ದುಪಡಿಯ ಮೇಲೆ. ಅಲ್ಲಿ ಕ್ರಿಮಿನಲ್ ಕೋರ್ಟಿನಷ್ಟು ಬಿಗಿಯಾದ ಸಾಕ್ಷ್ಯ ಬೇಕಿಲ್ಲ. ಡ್ರೈವರನ ತಪ್ಪು ಸುಲಭವಾಗಿ ಸಾಬೀತಾಯಿತು. ಆಮೇಲೆ ವಿಮೆಯವರ ವಕೀಲರು ಕೇಳಿದರು, ‘ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಿದ್ದರು?’

ಮಾವ ಹೇಳಿದರು, ‘ಏನೂ ಇಲ್ಲ ಸ್ವಾಮಿ, ಮನೇಲೇ ಇದ್ಲು.’

ಮಾವನನ್ನು ದೂರುವುದೇಕೆ? ಕಾಯಿದೆಯೇ ಹಾಗೆ ಹೇಳುತ್ತಿತ್ತು. 1994ರಲ್ಲಿ ಸೇರಿಸಿದ್ದ ಅದರ ಎರಡನೇ ಅನುಸೂಚಿಯ ಪ್ರಕಾರ ಸಂಪಾದನೆಯಿಲ್ಲದ ಹೆಂಡತಿಯ ಆದಾಯವೆಂದರೆ ಗಂಡನ ಆದಾಯದ ಮೂರರಲ್ಲೊಂದು ಪಾಲು! 2001ರಲ್ಲಿ ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಕಟ್ಟಿತು. 2010ರಲ್ಲಿ ಅರುಣ್ ಕುಮಾರ್ ಅಗ್ರವಾಲ್ ಪ್ರಕರಣದಲ್ಲಿ ಒಬ್ಬ ನ್ಯಾಯಮೂರ್ತಿಗಳು, ಜನಗಣತಿಯು ಗೃಹಿಣಿಯರನ್ನು ಭಿಕ್ಷುಕರ, ಕೈದಿಗಳ ಸಾಲಿಗೆ ಸೇರಿಸಿದೆಯೆಂದು ನೊಂದು ಬರೆದರು. 2021ರ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ಸರ್ಕಾರದ್ದೇ ಲೆಕ್ಕವಿದೆ: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 97. (ಆ 97 ನಿಮಿಷದ ಗಂಡಸರು ನಮ್ಮ ಬೀದಿಯಲ್ಲಂತೂ ಇಲ್ಲ.)

ನಮ್ಮ ವಕೀಲರು ಜಾಣರು. ಅತ್ತೆಯ ಒಂದು ದಿನದ ಕೆಲಸವನ್ನೆಲ್ಲ ಬರೆದು ತರಲು ನನಗೆ ಹೇಳಿದರು. ಐದು ಗಂಟೆಗೆ ಏಳುವುದು, ಬಾಗಿಲಿಗೆ ನೀರು, ರಂಗೋಲಿ, ಹಿಟ್ಟು ರುಬ್ಬುವುದು, ಹಾಸಿಗೆ ಹಿಡಿದ ಅವರತ್ತೆಗೆ ಸ್ನಾನ ಮಾಡಿಸಿ ಊಟ ತಿನ್ನಿಸುವುದು, ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುವುದು, ಹಪ್ಪಳ, ಉಪ್ಪಿನಕಾಯಿ, ಚೀಟಿಯ ಲೆಕ್ಕ. ಎರಡು ಹಾಳೆ ತುಂಬಿತು. ಮಾವನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತಿದ್ದರು. ಬಹಳ ಹೊತ್ತಾದ ಮೇಲೆ ಹೇಳಿದರು:

‘ಹಸು ಬಿಟ್ಟೆಯಲ್ಲಮ್ಮ. ಹಾಲು ಕರೀತಿದ್ದವಳೂ ಅವಳೇ.’